ರುದ್ರಮುನಿ ಕಟ್ಟಿದ ಬಚ್ಚಲು

ನಮ್ಮನೆಯವರು ಬದನೆಕಾಯಿ ತರೋಕೆ ಹೋದರೂ ಸಂತೆಯೆಲ್ಲ ಸುತ್ತಿ, ಒಂದೊಂದನ್ನೂ ಹಿಸುಕಿ, ಮೂಸಿ, ಕೊನೆಗೆ ಹುಳುಕನ್ನೇ ಆರಿಸಿ ತರೋ ಜಾತಿ. ಅಂಥ ಮಹಾಲಿಂಗಯ್ಯನವರು ಬಚ್ಚಲು ಕಟ್ಟಿಸೋಕೆ ಕಂಟ್ರಾಕ್ಟರನ್ನ ಆರಿಸ್ತೀನಿ ಅಂತ ಹೊರಟಾಗಲೇ ನನ್ನೆದೆ ಧಸಕ್ ಅಂತು.

ನಮ್ಮ ಮಗಳು ಮಾನಸ ಚೊಚ್ಚಲ ಬಸುರಿ. ಬಾಣಂತನ ಕೊಡಿಗೇನಹಳ್ಳಿಯ ನಮ್ಮ ಮನೇಲೇ. ಹಿತ್ತಲಲ್ಲಿದ್ದ ಹಳೇ ಬಚ್ಚಲಿಗೆ ತೂತುಬಿದ್ದ ತಗಡು, ಮುರಿದ ಬಾಗಿಲು. ಹಸುಗೂಸಿಗೆ ನೀರು ಹಾಕುವಾಗ ಗಾಳಿ ಸೋಕಿದರೆ ಶೀತ ಎದೆಗೇ ಇಳಿಯುತ್ತೆ. ಕೂಸು ಮನೆಗೆ ಬರೋದರೊಳಗೆ ನಾಲ್ಕು ಗೋಡೆ, ಮೇಲೊಂದು ಚಾವಣಿ, ಒಂದು ಬಾಗಿಲು ಆಗಬೇಕು ಅಂದೆ. ನಾನೇನು ಅರಮನೆ ಕೇಳಿರಲಿಲ್ಲ.

"ಸುಮ್ನಿರೇ ಇಂದ್ರಾ, ಇದೆಲ್ಲ ಅವಸರದಲ್ಲಿ ಆಗೋ ಕೆಲ್ಸ ಅಲ್ಲ. ನಂಬಿಕಸ್ತನ್ನ ಹುಡುಕ್ಬೇಕು. ಅವ್ನು ಕಟ್ಟಿರೋ ಮನೆ ನೋಡ್ಬೇಕು, ಮನೆಯೋರ್ನ ಇಚಾರಿಸ್ಬೇಕು" ಅಂದರು.

ಇಷ್ಟು ಭಾಷಣ ಮಾಡಿ ಹುಡುಕಿದ್ದು ಯಾರನ್ನ? ಮಧುಗಿರಿಯ ರುದ್ರಮುನಿಯನ್ನ. ಯಾಕಪ್ಪಾ ಅಂದರೆ ಅವನು ಇವರ ದೊಡ್ಡಮ್ಮನ ನಾದಿನಿ ಕಡೆಯೋನು, ಅಂದರೆ ನಮ್ಮೋನು! ಹಣೆ ತುಂಬ ವಿಭೂತಿ, ಜೇಬಲ್ಲಿ ಅಳತೆ ಟೇಪು, ಬಾಯಿ ಬಿಟ್ಟರೆ "ಅಣ್ಣಾ, ಅಕ್ಕಾ". ಇನ್ನೇನು ಬೇಕು ಹೇಳಿ.

ಇಚಾರಿಸೋಕೆ ಅಂತ ನನ್ನನ್ನೂ ಬೈಕಿಗೆ ಹತ್ತಿಸಿಕೊಂಡರು. ಬಡವನಹಳ್ಳಿಯ ರೇಣುಕಯ್ಯನವರು ಮಹಡಿ ಮೇಲೇ ನಿಂತು, "ರುದ್ರಮುನೀನಾ? ದೇವ್ರಂಥೋನು ಕಣಮ್ಮ!" ಅಂತ ರಸ್ತೆಗೆಲ್ಲ ಕೇಳೋ ಹಂಗೆ ಕೂಗಿದರು. ಕೆಳಗಿಳಿದು ಬಂದು ಹೇಳೋಕೆ ಅವರಿಗೆ ಮೆಟ್ಟಿಲಿರಲಿಲ್ಲ. ಬಿದಿರಿನ ಏಣಿ ಒರಗಿಸಿಕೊಂಡಿದ್ದರು, ಪಾಪ. ಸಿರಾ ದಾಟಿ ಕಳ್ಳಂಬೆಳ್ಳಕ್ಕೆ ಹೋಗೋ ಹೊತ್ತಿಗೆ ನನ್ನ ಸೊಂಟ ನನ್ನದಾಗಿರಲಿಲ್ಲ. ಅಲ್ಲಿ ಶ್ರೀಲತಾ ಟೀಚರು ಬೀದಿ ನಲ್ಲಿಯಿಂದ ಕೊಡ ಹೊತ್ತುಕೊಂಡು ಬಂದು, "ಕೆಲಸ ಅಂದ್ರೆ ರುದ್ರಮುನಿದು" ಅಂದರು. ಅವರ ಹೊಸ ಅಡಿಗೆಮನೇಲಿ ಎಲ್ಲ ಇತ್ತು, ನಲ್ಲಿ ಒಂದು ಬಿಟ್ಟು.

"ಏಣಿ ನೋಡಿದ್ರಾ?" ಅಂದೆ, ವಾಪಸು ಬರುವಾಗ.

"ಹೊಸ ಫ್ಯಾಷನ್ ಇರ್ಬೇಕು. ಎಲ್ರೂ ಹೊಗಳಿದ್ದು ಕೇಳಿಸ್ಲಿಲ್ವಾ ನಿಂಗೆ?" ಅಂದರು ಮಹಾನುಭಾವರು.

ರುದ್ರಮುನಿ ಬಂದ. ಹಳೇ ಬಚ್ಚಲನ್ನ ಒಂದೇ ಬೆಳಿಗ್ಗೆ ಕೆಡವಿ ಹಾಕಿದ. ಅಬ್ಬಬ್ಬಾ, ಕೆಡವೋದರಲ್ಲಿ ಅವನ ಸಮ ಇಲ್ಲ ಬಿಡಿ! ಪಾಯ ತೋಡಿಸಿದ, ಗೋಡೆ ಎದೆಮಟ್ಟ ಎಬ್ಬಿಸಿದ, ಆಮೇಲೆ ನಾಪತ್ತೆ. ಫೋನ್ ಮಾಡಿದಾಗಲೆಲ್ಲ "ದಾರೀಲಿದ್ದೀನಿ ಅಕ್ಕಾ" ಅಂತಿದ್ದ. ಅದು ಪಾವಗಡದಿಂದ ಬರೋ ದಾರಿಯೋ ಕಾಶಿಯಿಂದ ಬರೋ ದಾರಿಯೋ ಆ ಶಿವನಿಗೇ ಗೊತ್ತು. ನಾವು ಮನೆಮಂದಿಯೆಲ್ಲ ಪಕ್ಕದ ಮನೆಗೆ ಚೊಂಬು ಹಿಡಿದು ಸ್ನಾನಕ್ಕೆ ಹೋಗೋ ಹಂಗಾಯ್ತು.

ನಮ್ಮೂರಲ್ಲೇ ಗಾರೆ ಕೆಲಸ ಮಾಡೋ ತಿಪ್ಪೇಶನ್ನ ಕರೆದೆ. ಅವನು ಅರ್ಧ ಗೋಡೆ ನೋಡಿದ್ದೇ ಎರಡು ಹೆಜ್ಜೆ ಹಿಂದಕ್ಕೆ ಹೋದ.

"ಒಬ್ರು ಕೈ ಇಟ್ಟ ಕೆಲ್ಸಾನ ಇನ್ನೊಬ್ರು ಮುಟ್ಟಂಗಿಲ್ಲ ಕಣಕ್ಕ. ನಾನ್ ಇವತ್ತು ಇದುನ್ನ ಮುಟ್ಟಿದ್ರೆ ನಾಳೆ ಅವ್ನು ನನ್ ಕೆಲ್ಸ ಮುಟ್ತಾನೆ. ನಮ್ ನಮ್ಮಲ್ಲಿ ಅಂಗೆ."

ಆಹಾ, ಎಂಥ ಮರ್ಯಾದೆ! ಅರ್ಧ ಕಟ್ಟಿ ಓಡಿ ಹೋಗೋಕೆ ಅಡ್ಡಿಯಿಲ್ಲ, ಮುಗಿಸಿಕೊಡೋಕೆ ಮಾತ್ರ ಕಟ್ಟಳೆ.

ಮೈಯೆಲ್ಲ ಉರಿದು ಶ್ರೀಲತಾ ಟೀಚರಿಗೆ ಫೋನ್ ಹಚ್ಚಿದೆ. "ಯಾಕ್ರೀ ಸುಳ್ಳು ಹೇಳಿ ನಮ್ಮನ್ನ ಹಳ್ಳಕ್ಕೆ ತಳ್ಳಿದ್ರಿ?"

"ಬೈದ್ರೆ ಅವ್ನು ವಾಪಸ್ ಬರ್ತಾನೇನ್ರೀ? ನನ್ನ ನಲ್ಲಿ ಇನ್ನೂ ಆಗಿಲ್ಲ" ಅಂದುಬಿಟ್ಟರು.

ಆಗ ಅರ್ಥವಾಯ್ತು. ಅವನು ಎಲ್ಲರ ಮನೇಲೂ ಒಂದೊಂದು ಬಾಕಿ ಇಟ್ಟಿದ್ದ. ಬಾಕಿ ಇರೋತನಕ ಯಾರೂ ಅವನನ್ನ ತೆಗಳೋ ಹಂಗಿಲ್ಲ, ಹೊಗಳಲೇಬೇಕು. ನಾಚಿಕೆ ಬಿಟ್ಟು ನಾನೂ ಶುರು ಮಾಡಿದೆ. "ನಿನ್ನಂಥ ಕೆಲಸಗಾರ ನಾಲ್ಕು ತಾಲ್ಲೂಕಲ್ಲಿಲ್ಲ ಕಣಪ್ಪ" ಅಂದೆ, ಗೋಡೆ ಮೇಲೆದ್ದಿತು. "ನೀನು ನನ್ನ ಒಡಹುಟ್ಟಿದ ತಮ್ಮನಿದ್ದಂಗೆ" ಅಂದೆ, ಚಾವಣಿ ಶೀಟು ಬಂತು. ಅಷ್ಟಕ್ಕೆ ನನ್ನಲ್ಲಿದ್ದ ಹೊಗಳಿಕೆ ಮುಗೀತು. ಬಾಗಿಲು ಬರಲಿಲ್ಲ.

ಬಂದದ್ದು ಮೊಮ್ಮಗಳು. ಅಂಗೈ ಅಗಲದ ಮುಖ, ಅವಳ ಉಸಿರಾಟ ನೋಡಿದರೇ ನನಗೆ ಭಯ. ಆಸ್ಪತ್ರೆಯಿಂದ ಬಂದ ಮೊದಲ ವಾರವೇ ಮೂಗು ಕಟ್ಟಿ, ಹಾಲು ಕುಡಿಯೋಕಾಗದೆ ಗುರುಗುರು ಅಂತಿತ್ತು. ಮಾನಸ ಕೂಸನ್ನ ಎದೆಗೊತ್ತಿಕೊಂಡು ಕಣ್ಣೀರು ಹಾಕಿದಳು. ನನಗೂ ತಡೆಯೋಕಾಗಲಿಲ್ಲ.

ಕೂಸಿಗೆ ನೀರು ಹಾಕೋಕೆ ಬರ್ತಿದ್ದೋಳು ನಮ್ಮ ಚಿಕ್ಕಹನುಮಕ್ಕ. ಅವತ್ತು ಅವಳು ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನ ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಬಾಗಿಲಿಗೆ ಅಡ್ಡ ಕಟ್ಟಿದ್ದ ಟಾರ್ಪಾಲು ಗಾಳಿಗೆ ಪಟಪಟ ಹಾರ್ತಿತ್ತು. ನಾನು ಒಂದು ಮೂಲೆ ಹಿಡಿದರೆ ಇನ್ನೊಂದು ಕಿತ್ತುಕೊಂಡು ಬರ್ತಿತ್ತು. ಅಷ್ಟರಲ್ಲಿ ಹಿತ್ತಲ ಕಡೆ ಮಾತು ಕೇಳಿಸಿತು.

"ಬನ್ನಿ ಸಾರ್, ಬನ್ನಿ. ಇದು ನಮ್ದು ಹೊಸ ಮಾಡೆಲ್ಲು. ಗಾಳಿ, ಬೆಳಕು ಧಾರಾಳ!"

ರುದ್ರಮುನಿ! ಹಿಂದೆ ಪಾವಗಡ ಕಡೆಯ ಗಂಡ ಹೆಂಡತಿ. ಕೆಲಸ ತೋರಿಸೋಕೆ ಕರಕೊಂಡು ಬಂದಿದ್ದ. ನನ್ನ ಪಿತ್ತ ನೆತ್ತಿಗೇರಿತು.

"ಲೇ ರುದ್ರಮುನಿ, ಬಾರೋ ಇಲ್ಲಿ! ಆ ಕಡೆ ಮುಖ ಮಾಡಿ ನಿಂತ್ಕೋ. ಈ ಟಾರ್ಪಾಲ್ ಹಿಡ್ಕೋ, ಎರಡೂ ಕೈಲಿ!"

ನನ್ನ ಮುಖ ನೋಡಿ ಏನನ್ನಿಸಿತೋ, ಬಂದು ಹಿಡಿದ. ಎರಡೂ ಕೈ ಅಗಲಿಸಿ, ಬೆನ್ನು ಬಚ್ಚಲಿಗೆ, ಮುಖ ಗಿರಾಕಿಗಳಿಗೆ. ವಿಭೂತಿ ಮೇಲೆ ಬೆವರು ಇಳೀತಿತ್ತು.

"ಇವತ್ತು ಸಾವಕಾಶವಾಗಿ ನೀರಾಕ್ತೀನಿ ಕಣವ್ವ" ಅಂದಳು ಒಳಗಿಂದ ಚಿಕ್ಕಹನುಮಕ್ಕ.

ಪಾವಗಡದಮ್ಮ ಹತ್ತಿರ ಬಂದು ಮೆಲ್ಲಗೆ, "ಪನಿ ಎಟ್ಲಾ ಚೇಸ್ತಾಡಮ್ಮಾ? ಕೆಲ್ಸ ಹೆಂಗೆ ಇವಂದು?" ಅಂದಳು.

"ಕಣ್ಣೆದುರಿಗೇ ಮಾಡ್ತಾವ್ನಲ್ಲ ತಾಯಿ, ನೋಡ್ಕೊಳ್ಳಿ" ಅಂದೆ.

ಅವರು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಕಾರು ಹತ್ತಿದರು.

"ಬುಡ್ಲಾ ಅಕ್ಕಾ? ಕೈ ಸೋತೋದ್ವು."

"ಬಾಗ್ಲು ಬರೋ ತಂಕ ನೀನೇ ಬಾಗ್ಲು. ನಾಳೆ ನೀರಾಕೋ ಹೊತ್ಗೆ ಬಂದು ನಿಂತ್ಕೋ. ಬರ್ಲಿಲ್ಲ ಅಂದ್ರೆ ಮಧುಗಿರಿ ಬಸ್‌ಸ್ಟ್ಯಾಂಡಲ್ಲಿ ನಿಂತು ಕೂಗ್ತೀನಿ!"

ಅವತ್ತು ಸಂಜೆಯೇ ಗೂಡ್ಸ್ ಆಟೋದಲ್ಲಿ ಬಾಗಿಲು ಬಂತು. ಎಂಥ ಬಾಗಿಲು ಅಂತೀರಿ! ತೇಗದ್ದು, ನಡುವೆ ಕೆತ್ತಿದ ಗಜಲಕ್ಷ್ಮಿ, ಹಿತ್ತಾಳೆ ಚಿಲಕ. ಬಚ್ಚಲಲ್ಲಿ ಬಾಗಿಲಿಗೆ ಬಿಟ್ಟ ಜಾಗಕ್ಕಿಂತ ಗೇಣು ಅಗಲ ಜಾಸ್ತಿ. ರುದ್ರಮುನಿ ಹೊರಗಡೆಯಿಂದ ಕೂರಿಸಿ ಸ್ಕ್ರೂ ಬಿಗಿದ. ಹೋಗುವಾಗ ನಮ್ಮ ಟಾರ್ಪಾಲನ್ನ ಮಡಚಿ ಆಟೋಗೆ ಹಾಕಿಕೊಂಡ.

"ಅದ್ಯಾಕೋ?" ಅಂದೆ.

"ಒಂದ್ ಕಡೆ ಬೇಕಾಗ್ತದೆ ಅಕ್ಕಾ" ಅಂದ, ನೆಲ ನೋಡಿಕೊಂಡು.

"ಹೆಂಗೆ ನನ್ನ ಆಯ್ಕೆ? ಗಜಲಕ್ಷ್ಮಿ ಇರೋ ಬಚ್ಚಲು ಮಧುಗಿರಿ ತಾಲ್ಲೂಕಲ್ಲೇ ಇಲ್ಲ!" ಅಂತ ಇವರು ಮೀಸೆ ತಿರುವಿದರು.

ನಾನು ಹತ್ತಿರ ಹೋಗಿ ನೋಡಿದೆ. ಬಾಗಿಲ ಮೇಲೆ ಅರಿಶಿನ ಕುಂಕುಮ ಹಚ್ಚಿತ್ತು. ಅರಿಶಿನದಲ್ಲಿ ಯಾವಳೋ ಪುಣ್ಯಾತ್ಗಿತ್ತಿಯ ಬೆರಳ ಗುರುತು ಹಸಿಯಾಗಿ ಮೂಡಿತ್ತು.

ಮಾನಸ ಕೂಸನ್ನ ಸೆರಗಲ್ಲಿ ಸುತ್ತಿಕೊಂಡು ಹಿಂದೆ ಬಂದು ನಿಂತಿದ್ದಳು. "ಅಮ್ಮಾ, ಯಾರ ಮನೆ ಬಾಗ್ಲಮ್ಮ ಇದು?"

ನಾನು ಒದ್ದೆ ಬಟ್ಟೆ ತಂದು ಆ ಅರಿಶಿನವನ್ನ ಒರೆಸಿ ತೆಗೆದೆ.

"ನಮ್ದೇ ಕಣೇ. ಕೂಸಿಗೆ ಗಾಳಿ ಸೋಕುತ್ತೆ, ಒಳಗ್ ನಡಿ."