ತೊಳೆದ ಮೊಬೈಲು

ತಿಪ್ಪೇಶನ ಸಿಟ್ಟಿಗೆ ಹೊತ್ತುಗೊತ್ತು ಅಂತ ಇರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಕಿವಿ ಹಿಂಡಿದರೆಂದು ಚೀಲ ಅಲ್ಲೇ ಬಿಸಾಕಿ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈಗ ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹಿಂದಿನ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಊರ ಪುಢಾರಿಗಳ ಕರಿ ಮುಖ ಬೆಳ್ಳಗೆ ಮಾಡುವುದೇ ಅವನ ಕೆಲಸ. ಹುಟ್ಟುಹಬ್ಬದ ಫ್ಲೆಕ್ಸಿಗೂ ಶ್ರದ್ಧಾಂಜಲಿ ಫ್ಲೆಕ್ಸಿಗೂ ಅದೇ ಮುಖ, ಅದೇ ಹಲ್ಲುಕಿರಿತ. ಪಕ್ಕದಲ್ಲಿ ಕೇಕು ಇದ್ದರೆ ಬದುಕಿದ್ದಾನೆ, ದೀಪ ಇದ್ದರೆ ಸತ್ತಿದ್ದಾನೆ, ಅಷ್ಟೇ. ಬೆಳಗಿನಿಂದ ಸಂಜೆತನಕ ಈ ಸುಳ್ಳು ಮುಖಗಳನ್ನು ಉಜ್ಜಿ ಉಜ್ಜಿ ಅವನಿಗೆ ಮನುಷ್ಯ ಜಾತಿಯ ಮೇಲೇ ಹೇಸಿಗೆ ಹುಟ್ಟಿತ್ತು.

ಹೇಸಿಗೆ ಹುಟ್ಟದೆ ಉಳಿದವಳು ಅಕ್ಕ ಶಶಿರೇಖಾ ಒಬ್ಬಳೇ.

ಅವಳನ್ನು ಸೊರಬದ ಕಡೆ ಜಡೆ ಎಂಬ ಊರಿಗೆ ಕೊಟ್ಟಿತ್ತು. ಗಂಡ ಉದಯ ಲೈನ್‌ಮನ್. ಮದುವೆಯ ಹೊಸತರಲ್ಲಿ ಅವನು ಕೊಡಿಸಿದ ಮೊಬೈಲಿನಲ್ಲಿ ಅಕ್ಕ ದಿನಕ್ಕೊಂದು ಫೋಟೋ ತೆಗೆದು ತಮ್ಮನಿಗೆ ಕಳಿಸುತ್ತಿದ್ದಳು. “ಲೋ ತಿಪ್ಪ, ನಮ್ಮ ಸೆಕ್ಷನ್ ಆಫೀಸಿಗೆ ಹೊಸ ಸಾಹೇಬ್ರು ಬಂದಾರೆ ನೋಡು” ಅಂತ ಬರೆದಿರುವಳು. ತೆರೆದು ನೋಡಿದರೆ, ಭಾವನ ಹಳದಿ ಹೆಲ್ಮೆಟ್ಟಿನೊಳಗೆ ಹ್ಯಾಟೆ ಕೋಳಿ ಮೊಟ್ಟೆಗೆ ಕೂತಿದೆ, ಕತ್ತು ಎತ್ತಿಕೊಂಡು, ಗತ್ತಿನಿಂದ. ಇನ್ನೊಂದು ದಿನ ಬಚ್ಚಲ ಚೊಂಬಿನಿಂದ ಇಣುಕುವ ಕಪ್ಪೆ: “ಸ್ನಾನಕ್ಕೆ ಪಾಳಿ ಐತೆ. ಇವ್ರದ್ದು ಮುಗಿದ ಮ್ಯಾಲೆ ನಂದು.” ಇವನೂ ಬಿಡುತ್ತಿರಲಿಲ್ಲ. ಮಂಡಕ್ಕಿ ಅಂಗಡಿಯಲ್ಲಿ ಸೊಟ್ಟಗೆ ಬೆಂದ ಮಿರ್ಚಿ ಕಂಡರೆ “ನಮ್ಮ ಓನರ್ ಮೂಗು” ಅಂತ ಕಳಿಸುತ್ತಿದ್ದ. ಗುಂಡಿಯ ನೀರಿನಲ್ಲಿ ತಲೆಕೆಳಗಾಗಿ ನಿಂತ ಬಸ್ಸು, ಎಮ್ಮೆಯ ಬೆನ್ನಿನ ಮೇಲೆ ತೂಕಡಿಸುವ ಬೆಳ್ಳಕ್ಕಿ, ಒಣಹಾಕಿದ ಅಪ್ಪನ ಹಳೇ ಬನಿಯನ್ನಿನ ತೂತಿನಿಂದ ಬಿದ್ದ ಬಿಸಿಲು. ಲೋಕ ಉದ್ಧಾರ ಆಗುವಂಥದ್ದು ಒಂದೂ ಇಲ್ಲ. ಆದರೆ ಮೊಬೈಲ್ ಟಣ್ ಅಂದರೆ ತಿಪ್ಪೇಶನ ಗಂಟು ಮುಖ ಬಿಚ್ಚಿಕೊಳ್ಳುತ್ತಿತ್ತು. ಓನರ್ ಚಂದ್ರಶೇಖರ್ “ಯಾವಳೋ ಗಂಟು ಬಿದ್ದಂಗೈತಲ್ಲೋ” ಅಂತ ಕಾಲೆಳೆದರೂ ಆ ಹೊತ್ತಿಗೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ದಿನವೆಲ್ಲ ನಾಯಿಪಾಡು, ಅದರ ನಡುವೆ ಇದೊಂದು ಚಿಟಿಕೆ ಬೆಲ್ಲ.

ಆಷಾಢಕ್ಕೆ ಅವಳನ್ನು ತವರಿಗೆ ಕರೆತರಲು ಹೋದಾಗ ಅಕ್ಕ ತಮ್ಮ ಇಬ್ಬರೂ ಗುಡವಿ ಕೆರೆಗೆ ಹೋಗಿ ಹಕ್ಕಿ ನೋಡಿ ಬಂದಿದ್ದರು. ಕೆರೆ ಏರಿಯ ಮೇಲೆ ಗಾಳಿ ಎಲ್ಲಿತ್ತೋ, ಬಂದು ಅಕ್ಕನ ಕೊಡೆಯನ್ನು ಉಲ್ಟಾ ಮಾಡಿಬಿಟ್ಟಿತು. ಅವಳು ಅದನ್ನು ಬಿಡಲಾರದೆ, ಹಿಡಿಯಲಾರದೆ ನಕ್ಕಿದ್ದೇ ನಕ್ಕಿದ್ದು. ತಿಪ್ಪೇಶ ಅವಳ ಮೊಬೈಲನ್ನೇ ಕಿತ್ತುಕೊಂಡು ಫೋಟೋ ಹೊಡೆದ. ತವರಲ್ಲಿ ಉಳಿದ ಅಷ್ಟೂ ದಿನ ಅವ್ವ ಯಮುನಮ್ಮ, “ಆ ಕೊಡೆ ಫೋಟೋ ಇನ್ನೊಂದ್ಸಲ ತೋರ್ಸೆ” ಅಂತ ಮಗಳ ಬೆನ್ನು ಬಿಡಲಿಲ್ಲ. “ನೋಡು, ದೇವ್ರು ಇವಳಿಗೆ ನಗೋದೊಂದನ್ನ ಸರಿಯಾಗಿ ಕೊಟ್ಟಾನೆ” ಅನ್ನುತ್ತಿದ್ದಳು.

ಕೊಟ್ಟ ದೇವರು ಕಿತ್ತುಕೊಳ್ಳುವುದಕ್ಕೂ ತಡ ಮಾಡಲಿಲ್ಲ. ಹೋದ ಬೇಸಿಗೆ ಕೊಟ್ಟಿಗೆಗೆ ಹಾಸಲು ದರಕು, ಒಣಗಿದ ಎಲೆ, ಗುಡಿಸಿ ತರಲು ಕಾಡಿಗೆ ಹೋಗಿ ಬಂದವಳಿಗೆ ಜ್ವರ ಹಿಡಿಯಿತು. ಮಂಗನ ಕಾಯಿಲೆ ಅಂದರು. ಅಲ್ಲಿಗೆ ಒಯ್ಯಿರಿ, ಇಲ್ಲಿಗೆ ಒಯ್ಯಿರಿ ಅಂದರು. ಒಯ್ಯುತ್ತಿರುವಾಗಲೇ ಹೋದಳು. ಉದಯ ಫೋನ್ ಮಾಡಿ ಹೇಳಿದ ಮಾತು ಪೂರ್ತಿ ಮುಗಿಯುವ ಮುಂಚೆ ತಿಪ್ಪೇಶ ತನ್ನ ಮೊಬೈಲನ್ನು ಅಂಗಡಿಯ ಕಲ್ಲು ಮೆಟ್ಟಿಲಿಗೆ ಅಪ್ಪಳಿಸಿದ. ಸಾಲದೆ ಕಾಲಿನಿಂದ ತುಳಿದ. ಸುದ್ದಿ ತಂದ ಮೊಬೈಲಿನದು ಏನು ತಪ್ಪು? ಸಿಟ್ಟಿಗೆ ಅದೆಲ್ಲ ತಿಳಿದಿದ್ದರೆ ಅದು ಸಿಟ್ಟು ಹೇಗಾಗುತ್ತದೆ? ರಿಪೇರಿಯವನು “ಬೋರ್ಡೇ ಪುಡಿ ಆಗೇತಿ, ಏನೂ ಸಿಗಲ್ಲ” ಅಂದ ಮೇಲೆ ಬುದ್ಧಿ ಬಂತು. ಕೋಳಿ ಹೋಯಿತು, ಕಪ್ಪೆ ಹೋಯಿತು, ಅವಳು ಕಳಿಸಿದ್ದೆಲ್ಲ ಹೋಯಿತು.

ಉಳಿದಿದ್ದು ಅಕ್ಕನ ಮೊಬೈಲು. ಮಣ್ಣು ಮುಗಿದ ದಿನ ಉದಯನೇ ಹೇಳಿದ್ದ, “ಬೀರುವಿನಾಗೆ ಇಟ್ಟಿದೀನಿ ಮಾರಾಯ. ಯಾವಾಗ ಬೇಕಾದ್ರೂ ತಗಂಡು ಹೋಗು.” ಅವತ್ತೇ ತರುತ್ತಿದ್ದ. ಯಮುನಮ್ಮ ಅಡ್ಡ ಬಂದಳು. “ಸತ್ತೋರ ಸಾಮಾನು ವರ್ಷ ತುಂಬೋವರೆಗೂ ತವರಿಗೆ ತರಬಾರದು ಕಣೋ. ಜೀವ ಅದರ ಹಿಂದೇನೇ ಅಲೀತದೆ. ವರ್ಷದ ಎಡೆ ಆಗ್ಲಿ, ಆಮೇಲೆ ತಗಂಬಾ.” ಯಾರ ಮಾತೂ ಕೇಳದ ಹುಡುಗ, ಆ ದಿನ ಅವ್ವನ ಮುಖ ನೋಡಿ ಆ ಒಂದು ಮಾತು ಕೇಳಿದ.

ನಡುವೆ ಕಾರ್ತಿಕದಲ್ಲಿ ಉದಯನಿಗೆ ಇನ್ನೊಂದು ಮದುವೆ ಆಯಿತು. ಕರೆಯಲು ಬಂದಿದ್ದರು. ಇವರು ಹೋಗಲಿಲ್ಲ.

ವರ್ಷದ ಎಡೆಯನ್ನು ಉಡುತಡಿಯ ತಮ್ಮ ಮನೆಯಲ್ಲೇ ಇಟ್ಟು, ಮರುದಿನ ಬೆಳಗ್ಗೆ ತಿಪ್ಪೇಶ ಹೊರಟ. ಗೋಡೆಯ ಮೇಲೆ ಅಕ್ಕನ ಮದುವೆಯ ಫೋಟೋ ಇತ್ತು. ತಲೆ ಬಗ್ಗಿಸಿಕೊಂಡು, ಬಾಸಿಂಗದ ಅಡಿಯಲ್ಲಿ ಮುಖವೇ ಇಲ್ಲದ ಫೋಟೋ. ಯಮುನಮ್ಮ ಅದನ್ನು ತೋರಿಸಿ, “ಇದನ್ನ ಇಳಿಸಿ ಕೊಡೆ ಫೋಟೋ ಹಾಕನ. ದೊಡ್ಡದು ಮಾಡ್ಸು. ಅಲ್ಲಿ ಜಗಳ ತೆಗೀಬ್ಯಾಡ, ನಿನ್ನ ಕೈ ಮುಗೀತೀನಿ” ಅಂದಳು.

“ನಾನ್ಯಾಕೆ ಜಗಳ ತೆಗೀಲಿ? ಮೊಬೈಲ್ ಕೊಟ್ರೆ ತಗಂಡು ಬರೋದಪ್ಪ” ಅಂದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದೇ ಲೆಕ್ಕ: ಬೆಳ್ಳಗೆ ಮಾಡಲ್ಲ, ಮಚ್ಚೆ ತೆಗೆಯಲ್ಲ, ಗಾಳಿಗೆ ಕೆದರಿದ ಕೂದಲಿನ ಒಂದು ಎಳೆಯನ್ನೂ ಮುಟ್ಟಲ್ಲ. ಇದ್ದ ಹಾಗೇ ಪ್ರಿಂಟು.

ಜಡೆಯಲ್ಲಿ ಉದಯನ ತಾಯಿ ರಮಾಬಾಯಿ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

“ಓ, ತಿಪ್ಪೇಶ! ದಾರಿ ತಪ್ಪಿ ಬಂದ್ಯಾ ಹೆಂಗೆ? ನಿನ್ನೆ ಬರಬೇಕಿತ್ತು ಮಾರಾಯ, ನಿನ್ನಕ್ಕಂಗೆ ಹೋಳಿಗೆ ಎಡೆ ಇಟ್ಟಿದ್ವಿ. ನಿಮ್ಮವ್ವ ಆರಾಮಾ?”

“ಆರಾಮ ಅದಾಳೆ ಅತ್ತೆ. ಅಕ್ಕನ ಮೊಬೈಲ್ ಕೊಡ್ರಿ, ಹೋಗ್ತೀನಿ.”

“ಕಾಲ ಮೇಲೆ ನೀರು ಹಾಕ್ಕಂಡೇ ಬಂದ್ಯಲ್ಲ. ಕುಂತ್ಕ, ಕಾಫಿ ಕುಡಿ. ಪ್ರಮೀಳಾ, ಆ ಮೊಬೈಲ್ ಇಲ್ಲಿ ತಗಂಬಾ.”

ತಿಪ್ಪೇಶ ಒಳಗೆ ಕಣ್ಣು ಹಾಯಿಸಿದ. ನಡುಮನೆಯ ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಯಾರಪ್ಪ ಇದು ಅಂದುಕೊಂಡ. ಕತ್ತು ಚಾಚಿ ನೋಡಿದ. ಅಕ್ಕನೇ. ಯಾವನೋ ತನ್ನಂಥವನೇ ಕೂತು ಮುಖಕ್ಕೆ ಸುಣ್ಣ ಬಳಿದಿದ್ದ. ಗಲ್ಲದ ಮಚ್ಚೆ ಮಾಯ, ಮೂಗು ಚೂಪು, ಜನ್ಮದಲ್ಲಿ ಅವಳು ಉಟ್ಟಿರದ ಜರಿಸೀರೆ ಮೈಮೇಲೆ. ಸಾವನ್ನೂ ಶೋಕಿ ಮಾಡಿಬಿಟ್ಟಿದ್ದರು.

ಪ್ರಮೀಳಾ ಬಾಗಿಲಿಗೆ ಬಂದಳು. ಅಂಜುಬುರುಕಿ ಹುಡುಗಿ. ಕೊರಳಲ್ಲಿ ತಾಳಿಯ ಪಕ್ಕ ಒಂದು ಸಣ್ಣ ಚಿನ್ನದ ಬೊಟ್ಟು ಬೇರೆಯೇ ತೂಗುತ್ತಿತ್ತು. ಸವತಿ ಬೊಟ್ಟು. ಸತ್ತ ಮೊದಲ ಹೆಂಡತಿ ಬೇಸರ ಮಾಡಿಕೊಳ್ಳದಿರಲಿ ಅಂತ ಎರಡನೆಯವಳಿಗೆ ಕಟ್ಟುವುದು. ಅವಳ ಕೈಯಲ್ಲಿ ಅಕ್ಕನ ಮೊಬೈಲು, ಹೂವಿನ ಹೊಸ ಕವರಿನಲ್ಲಿ.

ತಿಪ್ಪೇಶ ಇಸಿದುಕೊಂಡು ಗ್ಯಾಲರಿ ತೆರೆದ. ಉದಯ–ಪ್ರಮೀಳಾ ಮದುವೆ. ಪ್ರಮೀಳಾಳ ತವರಿನ ಕರು. ರಂಗೋಲಿ. ಅದರ ಹಿಂದೆ ಏನೂ ಇಲ್ಲ. ಬೆರಳಿನಿಂದ ಎಳೆದ, ಮತ್ತೆ ಎಳೆದ. ಪರದೆ ಹಾಗೇ ನಿಂತಿತು.

“ಇದರಾಗೆ ಅಕ್ಕನ ಫೋಟೋ ಇದ್ವಲ್ಲ?”

“ಅದನ್ನ ತೊಳೆಸಿದ್ವಲ್ಲ” ಅಂದಳು ರಮಾಬಾಯಿ, ಬೀಜ ಬಿಡಿಸುತ್ತಲೇ.

“ಏನ್ ಮಾಡಿದ್ರಿ?”

“ತೊಳೆಸಿದ್ವಿ. ಹೊಸ ಸೊಸೆ ಮನೆಗೆ ಕಾಲಿಡೋ ಮುಂಚೆ ಸತ್ತೋಳ ವಸ್ತು ಎಲ್ಲ ಶುದ್ಧ ಆಗ್ಬೇಕಲ್ಲ? ಒಡವೆ ಹಾಲಲ್ಲಿ ತೊಳೆದ್ವಿ. ಸೀರೆ ಮಡಿ ಮಾಡಿಸಿ ದಾನ ಕೊಟ್ವಿ. ಹಾಸಿಗೆ ಸುಟ್ವಿ. ಮೊಬೈಲ್ ಹಾಲಲ್ಲಿ ಅದ್ದಿದ್ರೆ ಕೆಡ್ತದೆ ಅಂದ ನಮ್ಮ ಉದಯ. ಸೊರಬದಲ್ಲಿ ಅಂಗಡೀಲಿ ಕೊಟ್ರೆ ಒಳಗಿಂದಲೇ ತೊಳೆದು ಕೊಡ್ತಾರಂತೆ. ಕೊಟ್ವಿ. ಹೊಸದರ ಹಂಗೇ ಆತು ನೋಡು. ಆಮೇಲೆ ಅರಿಶಿನ ಕುಂಕುಮ ಹಚ್ಚಿ ಇವಳ ಕೈಗೆ ಕೊಟ್ಟೆ.”

ತಿಪ್ಪೇಶ ಪರದೆಯನ್ನು ಇನ್ನೊಂದು ಸಲ ಎಳೆದು ನೋಡಿದ. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಜಗಲಿಯ ಕಂಬ ಕಿತ್ತುಬಿಡುತ್ತಿದ್ದ. ಆದರೆ ಈ ಹೆಂಗಸು ಮನೆ ಸಾರಿಸಿದೆ, ನೀರು ಹೊತ್ತೆ ಅನ್ನುವಂತೆ ಹೇಳುತ್ತಿದ್ದಳು. ಅವಳಿಗೆ ತಾನು ಸೊಸೆಗೆ ಗೌರವ ಮಾಡಿದೆ ಅನ್ನುವ ಸಮಾಧಾನ ಬೇರೆ.

“ಪಾತ್ರೆ ತೊಳೆದಂಗೆ ತೊಳೆದ್ರಲ್ರೀ!” ಅವನ ದನಿ ಹರಿಯಿತು. “ಅದರಾಗೆ ನಮ್ಮಕ್ಕ ಇದ್ಲು ಕಣ್ರೀ! ನಕ್ಕೊಂಡು ಇದ್ಲು! ಅದೊಂದೇ ಇತ್ತು ನಮಗೆ!”

ರಮಾಬಾಯಿಯ ಕೈ ನಿಂತಿತು. “ಎಂತಕ್ಕೆ ಹಂಗೆ ಕೂಗ್ತಿ? ನಿನ್ನಕ್ಕಂಗೆ ಎಂತ ಕಮ್ಮಿ ಮಾಡೀವಿ ಹೇಳು. ಇವಳ ಕೊರಳಲ್ಲಿ ಅವಳ ಹೆಸರಿಗೆ ಬೊಟ್ಟು ಹಾಕಿಸೀವಿ. ದಿನಾ ದೀಪ ಹಚ್ತೀವಿ. ಫೋಟೋ ಎಷ್ಟು ಲಕ್ಷಣವಾಗಿ ಮಾಡಿಸೀವಿ, ನೋಡಲ್ಲಿ. ಬದುಕಿದ್ದಾಗಲೂ ಅಷ್ಟು ಚಂದ ಇರ್ಲಿಲ್ಲ, ಪಾಪ.”

ಗಲಾಟೆ ಕೇಳಿ ಹಿತ್ತಲಿನಿಂದ ಉದಯ ಬಂದ, ಡ್ಯೂಟಿಗೆ ಹೊರಟಿದ್ದ ಖಾಕಿ ಅಂಗಿಯಲ್ಲೇ.

“ಬೀರುವಿನಾಗೆ ಐತೆ, ತಗಂಡು ಹೋಗು ಅಂದಿದ್ದೆ ಭಾವ ನೀನು.”

“ಈಗ್ಲೂ ಅದೇ ಹೇಳ್ತೀನಿ. ನಿನ್ನ ಕೈಲೇ ಐತಲ್ಲ. ತಗಂಡು ಹೋಗು. ಇವಳಿಗೆ ಬೇರೆ ಕೊಡಿಸ್ತೀನಿ.”

“ಈ ಖಾಲಿ ಡಬ್ಬಿ ತಗಂಡು ಏನ್ ಮಾಡ್ಲಿ? ನಾನು ಮೊಬೈಲ್ ಭಿಕ್ಷೆಗೆ ಬಂದೀನಾ?”

ಉದಯ ತಾಯಿಯ ಕಡೆ ನೋಡಿ, ದನಿ ಇಳಿಸಿ ಹೇಳಿದ. “ನಂಗೂ ಆಗ್ತಿರ್ಲಿಲ್ಲ ತಿಪ್ಪೇಶ. ದಿನಾ ತೆಗೆದು ನೋಡೋದು, ಅಳೋದು. ಕಂಬ ಹತ್ತಿದ್ರೂ ಅದೇ ಧ್ಯಾನ. ಒಂದಿನ ಕರೆಂಟ್ ಹೊಡೆದು ಸಾಯ್ತಿದ್ದೆ. ಅಮ್ಮ ತೊಳೆಸಿಬಿಡು ಅಂದ್ಲು. ಕೊಟ್ಟುಬಿಟ್ಟೆ. ನೀವು ಅದರಾಗಿನ ಫೋಟೋಕ್ಕೆ ಕಾಯ್ತಾ ಇದೀರಿ ಅಂತ ನಂಗೆ ಹೊಳೀಲೇ ಇಲ್ಲ. ನೀನು ಬಂದು ಒಂದು ಮಾತು ಹೇಳಿದ್ರೆ...”

ವರ್ಷ ತುಂಬುವ ಮುಂಚೆ ತರಬಾರದು ಅಂತಲೇ ಅಲ್ಲವೇ ಇವರು ಇತ್ತ ಬಾರದೆ ಕಾದಿದ್ದು? ತವರಲ್ಲಿ ಮುಟ್ಟಬಾರದು ಅಂತ ಬಿಟ್ಟರು. ಈ ಮನೆಯಲ್ಲಿ ತೊಳೆಯಲೇಬೇಕು ಅಂತ ತೊಳೆದರು. ಎರಡು ಮಡಿಯ ನಡುವೆ ಅಕ್ಕ ಇನ್ನೊಂದು ಸಲ ಸತ್ತಳು. ತಿಪ್ಪೇಶ ಮೊಬೈಲನ್ನು ಹುಣಸೆಹಣ್ಣಿನ ಮೊರದ ಪಕ್ಕ ಇಟ್ಟ. ಈ ಸಲ ಎತ್ತಿ ಕುಕ್ಕಲಿಲ್ಲ. ಬಂದ ಕಾಫಿ ಮುಟ್ಟದೆ ಮೆಟ್ಟಿಲಿಳಿದ.

ಬೇಲಿಯ ಹತ್ತಿರ ಹಿಂದಿನಿಂದ ಬಳೆ ಸದ್ದಾಯಿತು. ಪ್ರಮೀಳಾ.

“ಅಣ್ಣ, ಆ ಅಂಗಡಿಯವ್ರನ್ನ ನಾನೂ ಕೇಳಿದ್ದೆ. ನಿಮ್ಮಕ್ಕನ ಮೇಲ್ ಪಾಸ್‌ವರ್ಡ್ ಗೊತ್ತಿದ್ರೆ ಫೋಟೋ ಸಿಕ್ರೂ ಸಿಗಬಹುದು ಅಂದ್ರು. ನಿಮಗೆ ಗೊತ್ತಾ?”

“ಅವಳಿಗೇ ಗೊತ್ತಿರಲಿಲ್ಲ. ಮೊಬೈಲ್ ಮಾರಿದೋನು ಏನೋ ಒತ್ತಿ ಕೊಟ್ಟಿದ್ದ.”

ಪ್ರಮೀಳಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ದಿನಾ ಅವ್ರಿಗೆ ಕೈ ಮುಗೀತೀನಿ. ಆ ಫೋಟೋ ಗೊಂಬೆ ಇದ್ದಂಗೆ ಐತೆ, ಮನುಷ್ಯರ ಹಂಗೆ ಇಲ್ಲ. ಅವ್ರು ನಿಜವಾಗ್ಲೂ ಹೆಂಗಿದ್ರು ಅಣ್ಣ?”

ಹೇಳಬಹುದಿತ್ತು. ಹೆಲ್ಮೆಟ್ಟಿನ ಕೋಳಿಯ ಕತೆ ಒಂದನ್ನು ಹೇಳಿದ್ದರೂ ಸಾಕಿತ್ತು. ಆ ಮನೆಯಲ್ಲಿ ಕೇಳಿದವಳು ಇವಳೊಬ್ಬಳೇ. ಆದರೆ ಒಳಗೆ ಕುದಿಯುತ್ತಿದ್ದದ್ದು ಹೊರಬರಲು ದಾರಿ ಹುಡುಕುತ್ತಿತ್ತು.

“ತಿಳ್ಕೊಂಡು ಏನ್ ಮಾಡ್ತೀರಿ? ಒರೆಸಿ ಆತಲ್ಲ, ಆರಾಮ ಸಂಸಾರ ಮಾಡ್ರಿ” ಅಂದ. ಹುಡುಗಿಯ ಕಣ್ಣು ತುಂಬಿತು. ಅದನ್ನು ಕಂಡು ಅವನಿಗೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂದು, ತಿರುಗಿ ನೋಡದೆ ನಡೆದ.

ಸೊರಬದಲ್ಲಿ ಶಿರಾಳಕೊಪ್ಪದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ. ಹೊರಗೆ ಯಾರದೋ ಸ್ಕೂಟರಿನ ಸೀಟಿನ ಮೇಲೆ ಆಡಿನ ಮರಿಯೊಂದು ಹತ್ತಿ ನಿಂತಿತ್ತು. ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಂಡು, ಇದ್ಯಾರಪ್ಪ ಅನ್ನುವಂತೆ ತಲೆ ಓರೆ ಮಾಡುತ್ತಿತ್ತು. ತಿಪ್ಪೇಶನ ಕೈ ತಾನಾಗಿ ಜೇಬಿಗೆ ಹೋಯಿತು, ಒಡೆದದ್ದರ ಬದಲಿಗೆ ಕೊಂಡ ಮೊಬೈಲ್ ಹೊರಬಂತು, ಆಡಿನ ಮರಿ ಪರದೆಯ ನಡುವೆ ಬಂತು. ‘ಮದುವಣಗಿತ್ತಿ ರೆಡಿ ಆಗ್ತಾ ಇದಾಳೆ’ ಅಂತ ಬರೆಯಬೇಕು ಅನ್ನುವುದೂ ಹೊಳೆಯಿತು. ಬೆರಳು ಒತ್ತಲಿಲ್ಲ. ಯಾರಿಗೆ ಕಳಿಸುವುದು? ಬಸ್ಸು ಹೊರಟಿತು.

ಊರು ದಾಟುವಷ್ಟರಲ್ಲಿ ಕೈಯಲ್ಲಿದ್ದ ಮೊಬೈಲು ಹೊಡೆದುಕೊಂಡಿತು. ಅವ್ವ.

“ಸಿಕ್ತೇನೋ?”

ಸುಳ್ಳು ಹೇಳೋಣ ಅನಿಸಿತು. ಆದರೆ ಮನೆ ಬಾಗಿಲಲ್ಲಿ ಅವಳು ಕೈ ಚಾಚುವುದು ಕಣ್ಣಿಗೆ ಕಟ್ಟಿತು. “ಇಲ್ಲವ್ವ. ಮದುವಿಗೆ ಮುಂಚೇನೇ ಎಲ್ಲ ಅಳಿಸಿಬಿಟ್ಟಾರೆ. ಒಂದೂ ಇಲ್ಲ.”

ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಅಂದುಕೊಂಡಿದ್ದ. ಯಮುನಮ್ಮ ಎರಡನ್ನೂ ಮಾಡಲಿಲ್ಲ. “ನಾನೇ ಬ್ಯಾಡ ಅಂದೆ” ಅಂದಳು. ಆಮೇಲೆ ಮಗುವನ್ನು ರಮಿಸುವ ದನಿಯಲ್ಲಿ, “ಹೋಗ್ಲಿ ಬಿಡು. ಫೋಟೋ ಹೊಡೆದೋನು ನೀನೇ ಅಲ್ಲೇನು? ನಿನ್ನ ಕಣ್ಣಾಗೆ ಐತಲ್ಲ. ನಂಗೆ ಈಗೀಗ ಸರಿಯಾಗಿ ನೆನಪಾಗವಲ್ದು. ನೀನು ಹೇಳು. ಕೊಡೆ ಹೆಂಗೆ ಹಿಡಕೊಂಡಿದ್ಲು?”

“ಎರಡೂ ಕೈಲಿ.”

“ಹೂಂ. ಸೀರೆ?”

“ನೀಲಿ.”

“ಹಸಿರಲ್ಲೇನೋ? ಗೌರಿ ಹಬ್ಬಕ್ಕೆ ನಾನು ಕೊಟ್ಟಿದ್ದು?”

“...ಹಸಿರೇ ಇರಬೇಕವ್ವ.”

“ಇರ್ಲಿ. ನಗು ಹೇಳು. ಬಾಯಿ ಬಿಟ್ಟು ನಗ್ತಿದ್ಲೋ, ತುಟಿ ಕಚ್ಚಿಕೊಂಡು ತಡಕೊಂತಿದ್ಲೋ?”

ತಿಪ್ಪೇಶ ಕಣ್ಣು ಮುಚ್ಚಿದ. ಕೆರೆ ಬಂತು. ನೀರಿನಲ್ಲಿ ನಿಂತ ಮರಗಳು ಬಂದವು, ಕೊಂಬೆ ತುಂಬ ಬಿಳಿ ಹಕ್ಕಿಗಳು ಬಂದವು. ತಿರುವಿಕೊಂಡ ಕೊಡೆಯ ಕಡ್ಡಿಗಳು ಕೂಡ ಬಂದವು. ಅದರ ಅಡಿಯಲ್ಲಿ ಮುಖ ಬರಲಿ ಅಂತ ಹಲ್ಲು ಕಚ್ಚಿ ಕಾದ. ಬಂತು. ಬೆಳ್ಳಗಿತ್ತು, ಮೂಗು ಚೂಪಾಗಿತ್ತು, ಮಚ್ಚೆ ಇರಲಿಲ್ಲ. ನಡುಮನೆಯ ಗೋಡೆಯಿಂದ ಇಳಿದು ಬಂದದ್ದು.

ಕಣ್ಣು ಬಿಟ್ಟು ಮತ್ತೆ ಮುಚ್ಚಿದ. ಅದೇ.

“ತಿಪ್ಪ?”

“ಅವ್ವ, ಇಲ್ಲಿ ನೆಟ್‌ವರ್ಕ್ ಇಲ್ಲ. ಕೇಳಸ್ತಿಲ್ಲ.”

“ನಂಗೆ ಚೆನ್ನಾಗಿ ಕೇಳ್ತಾ ಐತಲ್ಲೋ,” ಅಂದಳು ಯಮುನಮ್ಮ. “ಹೇಳು.”