ಕಾರಿನ ಉಸಿರಿಗೆ ಒಂದು ಪೈಪು

ನನ್ನ ಮಂಚದ ಮೇಲೆ, ಎದ್ದು ಕೂತರೆ ಸರಿಯಾಗಿ ತಲೆಗೆ ತಾಗುವ ಎತ್ತರದಲ್ಲಿ, ಪೈಪುಗಳ ಅಟ್ಟಣಿಗೆ ಇದೆ. ಅರ್ಧ ಇಂಚಿನವು ಒಳಗಡೆ, ಮುಕ್ಕಾಲು ಇಂಚಿನವು ನಡುವೆ, ಚರಂಡಿಗೆ ಹಾಕುವ ಮೂರು ಇಂಚಿನ ಬೂದು ಪೈಪುಗಳು ಗೋಡೆಯ ಬದಿಗೆ. ಏಳುವ ಮೊದಲು ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಟ್ಟು, ಆಮೇಲೆ ತಲೆಯೆತ್ತಬೇಕು. ಅಣ್ಣನ ಮನೆಯ ಈ ಸಾಮಾನಿನ ಕೋಣೆಗೆ ಬಂದ ಮೊದಲ ವಾರದಲ್ಲೇ ಅದನ್ನು ಕಲಿತೆ. ಹಣೆಯ ಮೇಲೆ ಗುರುತು ಇನ್ನೂ ಇದೆ.

ಅಣ್ಣ ನಲ್ಲಿ ಮೇಸ್ತ್ರಿ. ಊರಿನವರಿಗೆಲ್ಲ ಅವನು ಮೇಸ್ತ್ರಿ, ನಾನು ಮೇಸ್ತ್ರಿ ತಮ್ಮ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅವನು ಶಾಲೆಯ ಬಾಗಿಲಿಗೆ ಬಂದು, "ಸ್ವಲ್ಪ ಪೈಪಿನ ಆ ತುದಿ ಹಿಡ್ಕೊ ಬಾರೋ" ಎಂದು ಕರೆದ. ಐವತ್ತಾರು ವರ್ಷವಾಯಿತು. ಇನ್ನೂ ಹಿಡಿದುಕೊಂಡೇ ಇದ್ದೇನೆ.

ನಾಲ್ಕು ವರ್ಷದ ಹಿಂದೆ ಅವನ ಕಣ್ಣು ಮಂಜಾಗತೊಡಗಿತು. ಒಂದು ಮನೆಯ ಬಚ್ಚಲಲ್ಲಿ ನಲ್ಲಿಯನ್ನು ಗೋಡೆಗೆ ಓರೆಯಾಗಿ ಕೂರಿಸಿ, "ನೇರ ಇದೆಯಲ್ವಾ?" ಎಂದು ಕೇಳಿದ. ನಾನು ಅವನ ಮುಖ ನೋಡಿದೆ. ಅವನು ನೆಲ ನೋಡಿದ. "ಯಾರಿಗೂ ಹೇಳ್ಬೇಡ. ನಿಮ್ಮ ಅತ್ತಿಗೆಗೂ ಹೇಳ್ಬೇಡ. ತಿಳಿದ್ರೆ ನನ್ನ ಮೂಲೇಲಿ ಕೂರಿಸ್ತಾರೆ" ಎಂದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಂದಿನಿಂದ ನೋಡುವುದು ನನ್ನ ಕೆಲಸ, ತಿರುಗಿಸುವುದು ಅವನ ಕೆಲಸ. ಮನೆಯವರು ಎದುರಿಗೆ ನಿಂತಿದ್ದರೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಆಗ ನಾನು ಒಂದು ಸಲ ಕೆಮ್ಮಿದರೆ ಎಡಕ್ಕೆ, ಎರಡು ಸಲ ಕೆಮ್ಮಿದರೆ ಸಾಕು ಎಂದರ್ಥ. ಒಬ್ಬ ಯಜಮಾನಿ ಕನಿಕರಪಟ್ಟು ನನಗೆ ಕೆಮ್ಮಿನ ಔಷಧಿ ತಂದುಕೊಟ್ಟದ್ದೂ ಉಂಟು. ಅವರ ಎದುರಿಗೇ ಎರಡು ಚಮಚ ಕುಡಿದೆ.

ಗುಡ್ಡದ ಮೇಲೆ ಹೆಣ್ಣುಮಕ್ಕಳ ಹಾಸ್ಟೆಲೊಂದಿದೆ. ಹೋದ ತಿಂಗಳು ಅಲ್ಲಿ ಟ್ಯಾಂಕು ಸೋರುತ್ತಿದ್ದಾಗ ರಿಪೇರಿಗೆ ಹೋಗಿದ್ದೆವು. ಅಣ್ಣ ಕೆಳಗೆ ಚಹಾ ಕುಡಿಯುತ್ತಿದ್ದಾಗ ಹಾಸ್ಟೆಲಿನ ಮೇಡಂ ನನ್ನ ಬಳಿ ಬಂದರು.

"ಕೆಲಸ ಎಲ್ಲಾ ನೀವೇ ಮಾಡೋ ಹಾಗಿದೆ. ಇಲ್ಲೇ ಇದ್ದುಬಿಡಿ. ನಲ್ಲಿ, ಟ್ಯಾಂಕು, ಮೋಟರು ನೋಡ್ಕೊಳ್ಳೋದಕ್ಕೆ ಒಬ್ರು ಬೇಕು. ಇರೋದಕ್ಕೆ ರೂಮಿದೆ" ಎಂದರು.

ಆ ಕೋಣೆಯನ್ನು ನೋಡಿದೆ. ಎರಡು ಕಿಟಕಿ. ಮಂಚದ ಮೇಲೆ ಬರೀ ಸೂರು. ನಾನು ಮಂಚದ ಮೇಲೆ ಕೂತು, ಥಟ್ಟನೆ ಎದ್ದು ನಿಂತೆ. ತಲೆಗೆ ಏನೂ ತಾಗಲಿಲ್ಲ. ಇನ್ನೊಂದು ಸಲ ಕೂತು ಎದ್ದೆ. ಮೇಡಂ, "ಮಂಡಿನೋವೇ?" ಎಂದು ಕೇಳಿದರು.

ಅವರದು ಒಂದೇ ಷರತ್ತು. ಮೇಲಿನವರೆಗೆ ಬಸ್ಸಿಲ್ಲ, ಸಾಮಾನು ತರಲು ಸ್ವಂತ ಗಾಡಿ ಬೇಕು, ಅದು ಗುಡ್ಡ ಹತ್ತಬೇಕು. "ಸೋಮವಾರ ಹತ್ತರೊಳಗೆ ಗಾಡಿ ತಂದು ತೋರಿಸಿ. ಹನ್ನೊಂದಕ್ಕೆ ಇನ್ನೊಬ್ರು ಬರ್ತಾರೆ. ನೀವು ಬಂದ್ರೆ ಅವರನ್ನ ವಾಪಸ್ ಕಳಿಸ್ತೀನಿ."

ಗಾಡಿ ಎಂದರೆ ನನ್ನದೊಂದು ಕಾರು. ವಕೀಲರೊಬ್ಬರು ಮನೆ ಖಾಲಿ ಮಾಡುವಾಗ "ತಗೊಂಡ್ ಹೋಗಿ, ಜಾಗ ಖಾಲಿಯಾದ್ರೆ ಸಾಕು" ಎಂದು ಬಿಟ್ಟುಹೋದದ್ದು. ಸಮತಟ್ಟು ರಸ್ತೆಯಲ್ಲಿ ಓಡುತ್ತಿತ್ತು, ಏರು ಬಂದರೆ ದಮ್ಮು ಹತ್ತಿದವರ ಹಾಗೆ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಗ್ಯಾರೇಜಿನವನು ಬಾನೆಟ್ ಎತ್ತಿ ನಕ್ಕ.

"ಇಂಜಿನ್ ಗಾಳಿ ಎಳ್ಕೊಳ್ಳೋ ಡಬ್ಬೀಲಿ ಇಲಿ ಸಂಸಾರ ಹೂಡಿದೆ, ಯಜಮಾನ್ರೇ. ಫಿಲ್ಟರ್ ಎಲ್ಲಾ ಕಡಿದು ಹಾಸಿಗೆ ಮಾಡ್ಕೊಂಡಿದೆ. ಈ ಮಾಡೆಲ್ಲಿಂದು ಈಗ ಸಿಗಲ್ಲ. ಸಿಕ್ಕಿದ್ರೂ ಕಾರಿಗಿಂತ ದುಬಾರಿ."

"ಗಾಳಿ ಹೋಗ್ಬೇಕು, ಧೂಳು ಹೋಗ್ಬಾರದು. ಅಷ್ಟೇ ತಾನೆ?" ಎಂದೆ.

"ಅಷ್ಟೇ."

"ಹಾಗಾದ್ರೆ ಅದು ಪೈಪಿನ ಕೆಲಸ" ಎಂದು ಕಾರನ್ನು ಮನೆಗೆ ತಂದೆ.

ಭಾನುವಾರ ಬೆಳಿಗ್ಗೆ ಅಟ್ಟಣಿಗೆಯಿಂದ ಮೂರು ಇಂಚಿನ ಬೂದು ಪೈಪೊಂದನ್ನು ಇಳಿಸಿದೆ. ಇಂಜಿನ್ನಿನ ಬಾಯಿಂದ ಕಾರಿನ ಮುಂದಿನ ಜಾಲರಿಯವರೆಗೆ ಅದು ಬರಬೇಕು. ಸ್ಕೂಟರಿನ ಹಳೇ ಟ್ಯೂಬನ್ನು ತುಂಡು ಮಾಡಿ ಇಂಜಿನ್ನಿನ ಬಾಯಿಗೆ ತೊಡಿಸಿ, ಪೈಪನ್ನು ಅದಕ್ಕೆ ಕೂರಿಸಿ ಕ್ಲಿಪ್ಪು ಬಿಗಿದೆ. ಮುಂದಿನ ತುದಿಗೆ ಅತ್ತಿಗೆಯ ಹಳೆಯ ಹಿಟ್ಟು ಜರಡಿಯ ಬಲೆಯನ್ನು ಕತ್ತರಿಸಿ ಕಟ್ಟಿ, ಒಳಗೆ ತೆಳು ಸ್ಪಂಜು ಇಟ್ಟೆ. ನಡುವೆ ಬ್ಯಾಟರಿ ಅಡ್ಡ ಬಂತು. ಅದನ್ನು ಬಳಸಿ ಹೋಗಲು ನನ್ನ ಕೈ ತಾನಾಗಿ ಒಂದು ಬಾಗು ಹಾಕಿತು. ಅಡುಗೆಮನೆಯ ಸಿಂಕಿನ ಕೆಳಗೆ ನೀವು ನೋಡಿರಬಹುದು, ಪೈಪು ಒಮ್ಮೆ ಕೆಳಕ್ಕೆ ಬಾಗಿ, ಮತ್ತೆ ಮೇಲೇರಿ, ಆಮೇಲೆ ಗೋಡೆಗೆ ಹೋಗುತ್ತದೆ. ಕೆಳಗಿನ ನಾತ ಮೇಲೆ ಬಾರದಂತೆ ಆ ಬಾಗಿನಲ್ಲಿ ಒಂದಿಷ್ಟು ನೀರು ನಿಂತಿರುತ್ತದೆ. ಅಂಥ ಬಾಗಿಲ್ಲದ ಪೈಪನ್ನು ನಾನು ಜೀವಮಾನದಲ್ಲಿ ಎಲ್ಲಿಯೂ ಮುಗಿಸಿದವನಲ್ಲ.

ಹಾಸ್ಟೆಲಿನ ವಿಷಯ ನನ್ನಿಂದ ಕೇಳಿದ್ದ ಅಣ್ಣ ಬಂದು ಬಾನೆಟ್ಟಿನ ಒಳಗೆ ಕೈಹಾಕಿ, ಪೈಪನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಲ್ಲಿ ಸವರಿದ. ಬಾಗಿನ ಬಳಿ ಬೆರಳು ನಿಂತಿತು.

"ಬಾಗು ಚೆನ್ನಾಗಿ ಕೂತಿದೆ" ಎಂದ.

"ನೀನೇ ಕಲಿಸಿದ್ದು."

"ಹೋಗ್ಲೇಬೇಕಾ?"

ನಾನು ಕ್ಲಿಪ್ಪು ಬಿಗಿಯುತ್ತಿದ್ದೆ.

"ಹೋಗೋದಾದ್ರೆ ಹೋಗಪ್ಪ. ನಾನೇನು ನಿನ್ನ ಹಿಡ್ಕೊಂಡಿದೀನಾ?" ಎಂದ. ಪೈಪನ್ನು ಮಾತ್ರ ಹಿಡಿದುಕೊಂಡೇ ಇದ್ದ.

ಸಂಜೆ ಬೀದಿಯಲ್ಲಿ ಎರಡು ಸುತ್ತು ಹೊಡೆದೆ. ಕಾರು ಹತ್ತು ವರ್ಷ ಚಿಕ್ಕದಾದಂತೆ ಓಡಿತು. ಸೋಮವಾರ ಬೆಳಿಗ್ಗೆ ಏಳುವಷ್ಟರಲ್ಲಿ ಹೊರಗೆ ನೀರಿನ ಸದ್ದು. ಅಣ್ಣ ಹೋಸು ಹಿಡಿದು ನನ್ನ ಕಾರು ತೊಳೆಯುತ್ತಿದ್ದ. ಕೊಳೆ ಎಲ್ಲಿದೆ ಎಂದು ಕಾಣದ್ದರಿಂದ ಎಲ್ಲ ಕಡೆಗೂ ಬಿಡುತ್ತಿದ್ದ, ಚಕ್ರಕ್ಕೆ, ಗಾಜಿಗೆ, ಮುಂದಿನ ಜಾಲರಿಗೆ.

"ಹೊಸ ಜಾಗಕ್ಕೆ ಹೋಗೋನು, ಗಾಡಿ ಶುದ್ಧವಾಗಿರ್ಲಿ" ಎಂದ.

ಅವನು ನನಗಾಗಿ ಏನನ್ನಾದರೂ ತೊಳೆದದ್ದು ಅದೇ ಮೊದಲು. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಈಗಲೂ ಹಾಗೆಯೇ ಹೇಳುತ್ತೇನೆ.

ಒಂಬತ್ತಕ್ಕೆ ಹೊರಟೆ. ಸ್ಟಾರ್ಟು ಮಾಡಿದಾಗ ಮುಂದುಗಡೆಯಿಂದ ಗುಳುಗುಳು ಸದ್ದು ಬಂತು. ಬೇರೆ ಯಾರಾದರೂ ಆಗಿದ್ದರೆ ಇಳಿದು ನೋಡುತ್ತಿದ್ದರು. ದಿನವಿಡೀ ಪೈಪುಗಳೊಳಗೆ ಅದೇ ಸದ್ದು ಕೇಳುತ್ತ ಮುದುಕನಾದ ನನಗೆ ಅದು ಸದ್ದು ಎಂದೇ ಅನಿಸಲಿಲ್ಲ. ಪೈಪು ಕೆಲಸ ಮಾಡುತ್ತಿದೆ ಎಂದುಕೊಂಡೆ.

ಗುಡ್ಡದ ರಸ್ತೆಗೆ ಹನ್ನೆರಡು ತಿರುವು. ಮೊದಲ ನಾಲ್ಕನ್ನು ಕಾರು ಸಲೀಸಾಗಿ ಹತ್ತಿತು. ಐದನೆಯದು ಕಡಿದಾದ ಏರು. ಕಾರಿನ ಮೂತಿ ಮೇಲೆದ್ದಿತು. ಬೆಳಿಗ್ಗೆ ಜಾಲರಿಯಿಂದ ಒಳಹೊಕ್ಕು ಬಾಗಿನಲ್ಲಿ ನಿಂತಿದ್ದ ನೀರು ಹಿಂದಕ್ಕೆ ವಾಲಿ ಒಂದೇ ಗುಟುಕಿಗೆ ಇಂಜಿನ್ನಿನ ಬಾಯಿಗೆ ಹೋಯಿತು. ಒಳಗೆ ಸುತ್ತಿಗೆಯಿಂದ ಹೊಡೆದಂತೆ ಒಂದು ಏಟು. ಅಷ್ಟೇ. ಆಮೇಲೆ ಹಕ್ಕಿಗಳ ಸದ್ದು ಕೇಳಿಸಿತು.

ಹಿಂದಿನ ಚಕ್ರಕ್ಕೆ ಕಲ್ಲಿಟ್ಟು ಬಾನೆಟ್ ಎತ್ತಿ, ಪೈಪು ಬಿಚ್ಚಿದೆ. ಒಂದಿಷ್ಟು ನೀರು ನನ್ನ ಕಾಲ ಮೇಲೆ ಸುರಿಯಿತು. ಪೈಪನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದೆ. ಗಾಳಿಯಲ್ಲಿ ಯಾವ ನಾತವಿತ್ತು, ತಡೆಯುವುದಕ್ಕೆ?

ಜೇಬಿನಿಂದ ನಂಬರು ಬರೆದ ಚೀಟಿ ತೆಗೆದು ಮೇಡಂಗೆ ಫೋನು ಮಾಡಿದೆ. ಹತ್ತೂಕಾಲಾಗಿತ್ತು. "ಅಯ್ಯೋ ಪಾಪ. ಇನ್ನೊಬ್ರು ಬೇಗನೇ ಬಂದ್ಬಿಟ್ರು. ಅವರ ಹತ್ರ ವ್ಯಾನೇ ಇದೆ. ಬೇಜಾರು ಮಾಡ್ಕೋಬೇಡಿ" ಎಂದರು. ಆಮೇಲೆ ಮನೆಗೆ ಫೋನು ಮಾಡಿದೆ. ನನಗೆ ಚೀಟಿ ನೋಡದೆ ಬರುವ ನಂಬರು ಅದೊಂದೇ.

ಅಣ್ಣ ಹಾಲಿನವನನ್ನು ವ್ಯಾನಿನ ಸಮೇತ ಕರೆದುಕೊಂಡು ಬಂದ. ಕಾರಿನ ಮೂತಿ ಇಳಿಜಾರಿನ ಕಡೆ ತಿರುಗಿಸಿ ಹಗ್ಗ ಕಟ್ಟಿದರು. ಹಾಲಿನವನು ವ್ಯಾನು ಓಡಿಸಿದ. ಅಣ್ಣ ಅದರ ಹಿಂಬಾಗಿಲಲ್ಲಿ, ಕಾಲು ಇಳಿಬಿಟ್ಟು ನನಗೆ ಮುಖಮಾಡಿ ಕೂತ. ನಾನು ಸ್ಟೀರಿಂಗ್ ಹಿಡಿದು, ಹಗ್ಗ ಸಡಿಲವಾದಾಗ ಬ್ರೇಕು ಒತ್ತುತ್ತ, ಹತ್ತಿದ ತಿರುವುಗಳನ್ನೆಲ್ಲ ಒಂದೊಂದಾಗಿ ಇಳಿದೆ. ಅಣ್ಣ ದಾರಿಯುದ್ದಕ್ಕೂ ನಿಧಾನ, ನಿಧಾನ ಎಂದು ಕೈಸನ್ನೆ ಮಾಡುತ್ತಲೇ ಇದ್ದ. ಆರಡಿ ದೂರದ ಹಗ್ಗವೂ ಅವನಿಗೆ ಕಾಣುತ್ತಿರಲಿಲ್ಲ. ನನ್ನ ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಅಂಗಳದಲ್ಲಿ ಅತ್ತಿಗೆ ಬಟ್ಟೆ ಒಣಹಾಕುತ್ತಿದ್ದರು. ಅಣ್ಣ ಇಳಿದು, "ನಾಳೆ ಎಂಟಕ್ಕೆ ಬೇಕರಿಯವರ ಮನೇಲಿ ಕೆಲಸ" ಎಂದ, ಏನೂ ಆಗಿಯೇ ಇಲ್ಲವೆಂಬಂತೆ.

ನನಗೆ ತಡೆಯಲಾಗಲಿಲ್ಲ. ಅತ್ತಿಗೆಯ ಕಡೆ ತಿರುಗಿ ಹೇಳಿಯೇಬಿಟ್ಟೆ. "ಅತ್ತಿಗೆ, ಅಣ್ಣನಿಗೆ ಕಣ್ಣು ಕಾಣಲ್ಲ. ನಾಲ್ಕು ವರ್ಷ ಆಯ್ತು."

ಅತ್ತಿಗೆ ಒದ್ದೆ ಟವೆಲನ್ನು ಝಾಡಿಸಿ ತಂತಿಗೆ ಹಾಕಿದರು.

"ಗೊತ್ತು. ಶರಟು ತಿರುವುಮುರುವು ಹಾಕ್ಕೊಂಡು ಬರ್ತಾರೆ, ನಾನೇ ಸರಿ ಮಾಡ್ತೀನಿ. ಜೊತೆಗೆ ನೀನಿದ್ದೀಯಲ್ಲ ಅಂತ ಸುಮ್ಮನಿದ್ದೆ."

"ಯಾವಾಗಿಂದ ಗೊತ್ತು?"

"ಮೊದಲಿಂದ."

ಹಾಲಿನವನು ಹಗ್ಗ ಸುತ್ತುತ್ತ, "ನಮ್ಮನೇಲಿ ಗೀಸರ್ ಕೂರಿಸಿದಾಗ್ಲೇ ನಮಗೂ ಗೊತ್ತಾಯ್ತು. ತಮ್ಮ ಕೆಮ್ಮಿದ ಮೇಲೇ ಮೇಸ್ತ್ರಿ ತಿರುಗಿಸ್ತಿದ್ರು. ಬೀದೀಲಿ ಎಲ್ಲರಿಗೂ ಗೊತ್ತು ಬಿಡಿ. ನೀವಿದ್ದೀರಲ್ಲ ಅಂತ ಕರೀತಾರೆ" ಎಂದ.

ಅಣ್ಣ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದ. ತಿರುಪು ತಡಕಿ ಹಿಡಿದ. ಯಾವ ಗುಟ್ಟನ್ನು ಕಾಯಬೇಕು, ಅದಕ್ಕೇ ಇಲ್ಲಿರಬೇಕು ಎಂದುಕೊಂಡಿದ್ದೆನೋ, ಅದು ಗುಟ್ಟೇ ಆಗಿರಲಿಲ್ಲ. ಅಷ್ಟು ಜನ ಸೇರಿ ನನ್ನನ್ನು ಇಲ್ಲಿ ಇರಿಸಿಕೊಂಡಿದ್ದರು, ಒಬ್ಬರೂ ಒಂದು ಮಾತೂ ಕೇಳದೆ.

ಮರುದಿನ ಎಚ್ಚರವಾದರೂ ನಾನು ಏಳಲಿಲ್ಲ. ಇವತ್ತು ಹೋಗುವುದಿಲ್ಲ ಎಂದು ನಿಶ್ಚಯ ಮಾಡಿ ಗೋಡೆಗೆ ಮುಖಮಾಡಿ ಮಲಗಿದೆ. ಏಳೂವರೆಗೆ ಅಣ್ಣ ಕೋಣೆಗೆ ಬಂದ. ಕರೆಯಲಿಲ್ಲ. ಕೆಳಗೆ ಕೂತು ಸಾಮಾನಿನ ಚೀಲ ತೆಗೆದು, ಒಂದೊಂದೇ ಸ್ಪ್ಯಾನರನ್ನು ಬೆರಳಲ್ಲಿ ಅಳೆದು ನೆಲದ ಮೇಲೆ ಇಡತೊಡಗಿದ. ಒಂದು. ಇನ್ನೊಂದು. ತಪ್ಪಿದ್ದನ್ನು ಮತ್ತೆ ಎತ್ತಿ ಅಳೆದ. ಚೀಲ ಖಾಲಿಯಾಯಿತು. ಮೊದಲಿನಿಂದ ಶುರು ಮಾಡಿದ. ಅವನಿಗೆ ಏನು ಬೇಕಾಗಿದೆ ಎಂದು ನನಗೆ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು ಮಲಗಿದೆ. ಅವನು ಮೂರನೇ ಸಲ ಶುರು ಮಾಡಿದ.

"ದೊಡ್ಡ ಸ್ಪ್ಯಾನರ್ ಕಿಟಕಿ ಕಟ್ಟೆ ಮೇಲಿದೆ" ಎಂದೆ.

ಅವನು ಎದ್ದು, ಕಟ್ಟೆ ತಡಕಿ, ತೆಗೆದುಕೊಂಡ. "ಸಿಕ್ತು" ಎಂದ. ನೆಲದ ಮೇಲಿನದನ್ನೆಲ್ಲ ಚೀಲಕ್ಕೆ ತುಂಬಿಕೊಂಡ. ಆದರೆ ಹೊರಡಲಿಲ್ಲ. ಚೀಲ ಹಿಡಿದು ಬಾಗಿಲಲ್ಲಿ ನಿಂತ. ಹೊರಗೆ ಬಿಸಿಲು ಬಂದಿತ್ತು. ಅವನು ನಿಂತದ್ದರಿಂದ ಕೋಣೆ ಕತ್ತಲಾಯಿತು.

ನಾನು ಮಗ್ಗುಲಿಗೆ ಹೊರಳಿ, ಚಪ್ಪಲಿಗಾಗಿ ಕಾಲಾಡಿಸಿದೆ.