ಫ್ರಿಲ್ ತೋಳಿನ ಲ್ಯಾಬ್ ಕೋಟು

ಮಕ್ಕಳು ಶಾಲೆಯಿಂದ ತರುವ ನಿಯಮಗಳ ಹಾಳೆಗೆ ನಾವು ಹೇಗೆ ಸಹಿ ಹಾಕುತ್ತೇವೆ? ಒಲೆಯ ಮುಂದೆ ನಿಂತು, ಒಂದು ಕಣ್ಣು ಹಾಲಿನ ಮೇಲಿಟ್ಟು, "ಎಲ್ಲಿ, ಇಲ್ಲೇನಾ" ಎಂದು ಗೀಚಿಬಿಡುತ್ತೇವೆ. ನಮ್ಮ ಬೀದಿಯ ಟೈಲರಮ್ಮ ಹಾಗೆ ಮಾಡಲಿಲ್ಲ. ಪೂರ್ತಿ ಓದಿದಳು. ಓದಿ ಸಿಟ್ಟಾದಳು.

ಅವಳ ಮಗಳು ಹೈಸ್ಕೂಲಿನಲ್ಲಿ ಓದುತ್ತಾಳೆ. ಮಾತು ಸದಾ ಓಟದಲ್ಲೇ ಇರುವುದರಿಂದ ಮನೆಯವರು ಅವಳನ್ನು ಎಕ್ಸ್‌ಪ್ರೆಸ್ ಎಂದು ಕರೆಯುತ್ತಾರೆ. ಮರುದಿನ ಅವಳ ಮೊದಲ ಕೆಮಿಸ್ಟ್ರಿ ಪ್ರಾಕ್ಟಿಕಲ್.

"ಅಮ್ಮ, ಬೆಂಕಿ ಬಣ್ಣ ಬದಲಾಯಿಸುತ್ತಂತೆ. ಉಪ್ಪು ಹಿಡಿದ್ರೆ ಹಳದಿ, ತಾಮ್ರದ ಪುಡಿ ಹಿಡಿದ್ರೆ ಹಸಿರು. ಹಸಿರು ಬೆಂಕಿ ಅಮ್ಮ. ನೀನು ಎಲ್ಲಾದ್ರೂ ನೋಡಿದ್ದೀಯಾ?"

"ಬೆಂಕಿ ಆಮೇಲೆ. ಈ ಹಾಳೆ ಏನು ಹೇಳುತ್ತೆ ನೋಡು. ಕೋಟು ಹತ್ತಿಯದೇ ಆಗಬೇಕಂತೆ, ತೋಳು ಮಣಿಕಟ್ಟಿಗೆ ಬಿಗಿಯಾಗಿರಬೇಕಂತೆ."

ಮೇಜಿನ ಮೇಲೆ ಆಗಲೇ ಒಂದು ಕೋಟು ಸಿದ್ಧವಾಗಿ ಮಲಗಿತ್ತು. ಫಳಫಳ ಹೊಳೆಯುವ ಬಿಳಿ ಸ್ಯಾಟಿನ್. ತೋಳಿನ ತುದಿಗೆ ಪದರ ಪದರವಾಗಿ ಫ್ರಿಲ್. ಇಡೀ ತರಗತಿಯಲ್ಲಿ ಮಗಳೇ ಎದ್ದು ಕಾಣಬೇಕೆಂದು ತಾಯಿ ಕಣ್ಣು ನೋಯಿಸಿಕೊಂಡು ಹೊಲಿದದ್ದು.

"ಇದನ್ನ ಹಾಕ್ಕೊಂಡು ಹೋದ್ರೆ ನನ್ನನ್ನ ಬೆಂಚ್ ಮೇಲೆ ಕೂರಿಸ್ತಾರೆ. ಎಲ್ಲರೂ ಪ್ರಯೋಗ ಮಾಡ್ತಾರೆ, ನಾನು ನೋಡ್ತಾ ಇರಬೇಕು ಅಷ್ಟೆ," ಎಂದಳು ಮಗಳು. ದನಿ ಸಣ್ಣದಾಗಿತ್ತು.

ಅಷ್ಟರಲ್ಲಿ ಮೇಲಿನ ಮನೆಯ ಲ್ಯಾಬ್ ಅಸಿಸ್ಟೆಂಟ್ ಬ್ಯಾಗಿನ ಜಿಪ್ ಸರಿಮಾಡಿಸಲು ಇಳಿದು ಬಂದಳು. ಅವಳು ಕೆಲಸ ಮಾಡುವುದು ಅದೇ ಶಾಲೆಯಲ್ಲಿ.

"ಬಾರಮ್ಮ, ನಿನ್ನನ್ನೇ ಕಾಯ್ತಿದ್ದೆ," ಎಂದಳು ಟೈಲರಮ್ಮ. "ಇದು ಶಾಲೆಯೋ ಜೈಲೋ? ಕೂದಲು ಕಟ್ಟು, ಕನ್ನಡಕ ಹಾಕು, ಪಾದ ಮುಚ್ಚೋ ಬೂಟು ಹಾಕು, ಒಳಗೆ ಏನೂ ತಿನ್ನಬೇಡ, ಕುಡೀಬೇಡ. ತಡವಾಗಿ ಬಂದ್ರೆ ಅವತ್ತು ಪ್ರಯೋಗಾನೇ ಇಲ್ಲ. ಮದುವೆಗೂ ಜನ ತಡವಾಗಿ ಬರ್ತಾರಪ್ಪ."

"ಮದುವೆಗೆ ತಡವಾದ್ರೆ ಊಟ ತಣ್ಣಗಾಗುತ್ತೆ ಅಕ್ಕ, ಅಷ್ಟೆ. ಇಲ್ಲಿ ಯಾವ ಬಾಟಲಿ ಮುಟ್ಟಬಾರದು ಅಂತ ಮೊದಲೇ ಹೇಳಿಬಿಡ್ತಾರೆ. ಅದನ್ನ ಕೇಳಿಸಿಕೊಳ್ಳದ ಮಗುವಿನ ಕೈಗೆ ಆಸಿಡ್ ಹೇಗೆ ಕೊಡೋದು? ತಪ್ಪಿಹೋದವರಿಗೆ ಇನ್ನೊಂದು ದಿನ ಮಾಡಿಸ್ತೀವಿ."

"ಸರಿ, ಇದಕ್ಕೇನಂತೀಯ? ಏನಾದ್ರೂ ಒಡೆದ್ರೆ ತಾನಾಗೇ ಹೋಗಿ ಹೇಳಬೇಕಂತೆ. ಬೈಸಿಕೊಳ್ಳೋಕೆ ತಾನೇ ಹೋಗಿ ನಿಲ್ಲೋಕೆ ಇವಳಿಗೇನು ಹುಚ್ಚೇ?"

"ಬೈಯಲ್ಲ ಅಂತಾನೂ ಅದರ ಕೆಳಗೇ ಬರೆದಿದೆ, ಓದಿ. ಒಬ್ಬಳು ಮುಚ್ಚಿಟ್ಟ ಗಾಜಿನ ಚೂರು ಇನ್ನೊಬ್ಬಳ ಕೈಗೆ ಚುಚ್ಚುತ್ತೆ."

ಟೈಲರಮ್ಮ ಹಾಳೆಯನ್ನು ಪಕ್ಕಕ್ಕಿಟ್ಟಳು. "ಎಲ್ಲ ಒಪ್ಪಿದೆ ಅಂತಿಟ್ಕೊ. ನನ್ನ ಕೋಟಿಗೇನಾಗಿದೆ ಹೇಳು."

ಅಸಿಸ್ಟೆಂಟ್ ವಾದ ಮಾಡಲಿಲ್ಲ. ಫ್ರಿಲ್ಲನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಇದು ಯಾವ ಬಟ್ಟೆ ಅಕ್ಕ?"

ಬಟ್ಟೆ ಯಾವುದೆಂದು ಕೇಳಿದರೆ ಟೈಲರಮ್ಮನ ಕೈ ತಾನಾಗೇ ಓಡುತ್ತದೆ. ಅಪ್ಪಟ ಹತ್ತಿ ಎಂದು ಹೇಳಿಕೊಂಡು ಬರುವ ಗಿರಾಕಿಗಳಿಗೆ ಅವಳು ತೋರಿಸುವ ಪರೀಕ್ಷೆಯೇ ಅದು. ಅಂಚಿನಿಂದ ಒಂದು ಎಳೆ ಬಿಡಿಸಿ ಚಿಮಟದಲ್ಲಿ ಹಿಡಿದಳು. ಕೆಳಗೆ ನೀರಿನ ತಟ್ಟೆ ಇಟ್ಟು, ಬೆಂಕಿಕಡ್ಡಿ ಗೀರಿದಳು. (ಇದು ಕಸುಬಿನವರ ಕೆಲಸ. ಮಕ್ಕಳು ಮನೆಯಲ್ಲಿ ಮಾಡಿ ನೋಡಬಾರದು.) ಎಳೆ ಮುದುರಿತು, ಕರಗಿತು, ಚುಯ್ ಎಂದು ನೀರಿಗೆ ಬಿದ್ದು ಕಪ್ಪು ಮಣಿಯಂತೆ ಗಟ್ಟಿಯಾಯಿತು.

"ಪಾಲಿಯೆಸ್ಟರ್," ಎಂದಳು, ಗಿರಾಕಿಗಳಿಗೆ ಹೇಳುವ ದನಿಯಲ್ಲೇ. "ನೂರಕ್ಕೆ ನೂರು. ಬೆಂಕಿ ತಾಗಿದ್ರೆ ಕರಗಿ ಅಂಟಿಕೊಳ್ಳುತ್ತೆ."

ಹೇಳಿದ ಮೇಲೆ ಅವಳ ಕಣ್ಣು ಮಗಳ ತೋಳಿನತ್ತ ಹೋಯಿತು. ಕೋಟನ್ನು ಮಡಚಿ ಮೇಜಿನ ಮೂಲೆಗೆ ತಳ್ಳಿದಳು.

"ಹತ್ತಿಯೂ ಉರಿಯುತ್ತೆ ಅಕ್ಕ," ಎಂದಳು ಅಸಿಸ್ಟೆಂಟ್ ಮೆಲ್ಲಗೆ. "ಆದ್ರೆ ಹೀಗೆ ಕರಗಿ ಚರ್ಮಕ್ಕೆ ಹತ್ತಿಕೊಳ್ಳಲ್ಲ. ತೋಳು ಬಿಗಿಯಾಗಿದ್ರೆ ಜ್ವಾಲೆಗೆ ಸಿಗೋದೂ ಕಷ್ಟ."

"ನಿನ್ನ ಜಿಪ್ಪು ನಾಳಿದ್ದು ತಗೋ," ಎಂದಳು ಟೈಲರಮ್ಮ. "ಎಕ್ಸ್‌ಪ್ರೆಸ್, ಆ ಬಿಳಿ ಹತ್ತಿ ಬಟ್ಟೆ ಇಳಿಸು. ಬೇಗ."

ಮನೆಯೇ ಎದ್ದು ಕುಣಿದಂತಾಯಿತು. ಕತ್ತರಿ ಓಡಿತು, ಮಿಷನ್ ಗಡಗಡಿಸಿತು. ಕೆಲಸದಿಂದ ಬಂದ ಅಪ್ಪನ ಕೈಗೆ ಗುಂಡಿಗಳು ಬಂದವು. ಅವನು ಹೊಲಿದದ್ದನ್ನು ಅಮ್ಮ ಬಿಚ್ಚಿ ಮತ್ತೆ ಹೊಲಿದಳು. ಹೊಲಿಯುತ್ತಲೇ ಮಗಳಿಗೆ ಪ್ರಶ್ನೆ ಹಾಕಿದಳು.

"ಬಾಟಲಿಗೆ ಮೂಗಿಟ್ಟು ಯಾಕೆ ಮೂಸಬಾರದು?"

"ಆವಿ ನೇರ ಒಳಗೆ ಹೋಗುತ್ತೆ. ಮೇಡಂ ಹೇಳಿದ್ರೆ ಮಾತ್ರ, ದೂರದಿಂದ ಕೈ ಬೀಸಿಕೊಂಡು ವಾಸನೆ ನೋಡಬೇಕು."

"ಪ್ರಯೋಗ ತಪ್ಪಾಗಿ ಬಂದ್ರೆ? ಪಕ್ಕದವಳದ್ದು ನೋಡಿ ಬರೀತೀಯಾ?"

"ಇಲ್ಲಪ್ಪ. ನನಗೆ ಕಂಡದ್ದನ್ನೇ ಬರೀಬೇಕು. ತಪ್ಪಾಗಿ ಬಂದ್ರೆ ಮಾರ್ಕ್ಸ್ ಹೋಗಲ್ಲ, ನಕಲು ಮಾಡಿದ್ರೆ ಹೋಗುತ್ತೆ."

ಅಮ್ಮ ಸಹಿ ಹಾಕಿದಳು.

ಮರುದಿನ ಸಂಜೆ ಮಗಳು ಬಾಗಿಲಿನಿಂದಲೇ ಶುರುಮಾಡಿದಳು. "ಹಸಿರು ಬಂತಮ್ಮ. ನಾನೇ ಹಿಡಿದಿದ್ದೆ. ಬರ್ನರ್ ಸುಮ್ನೆ ನೀಲಿಯಾಗಿ ಉರೀತಿತ್ತು, ತಾಮ್ರದ ಪುಡಿ ಹತ್ತಿಸಿದ ತಂತಿ ಇಟ್ಟೆ ನೋಡು, ಭಗ್ ಅಂತ ಹಸಿರು. ಆಮೇಲೆ ಒಂದು ಟೆಸ್ಟ್‌ಟ್ಯೂಬ್ ಒಡೆದೆ."

ಮಿಷನ್ ನಿಂತಿತು. "ಹೇಳಿದೆಯಾ?"

"ಹೇಳಿದೆ. ಮೇಡಂ ಮೊದಲು ನನ್ನ ಕೈ ನೋಡಿದ್ರು. ಚೂರುಗಳನ್ನ ಅವರೇ ಬ್ರಷ್ಷಲ್ಲಿ ಗುಡಿಸಿದ್ರು. ಆಮೇಲೆ ಇನ್ನೊಂದು ಕೊಟ್ರು."

ಅಮ್ಮ ಮಗಳ ಬೆರಳುಗಳನ್ನು ತಿರುಗಿಸಿ ನೋಡಿದಳು. "ಎಲ್ಲರೂ ಮಾಡಿದ್ರಾ?"

"ಇಬ್ಬರು ಬೆಂಚ್ ಮೇಲೆ ಕೂತಿದ್ರು. ಅವರ ಕೋಟು ನೈಲಾನು."

ಟೈಲರಮ್ಮ ಅಳತೆ ಟೇಪನ್ನು ಕತ್ತಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. "ಅವರ ಮನೆ ಎಲ್ಲಿ, ತೋರಿಸು ನಡಿ."

ತಂದೆ ತಾಯಂದಿರೇ, ಅಂಥದೇ ಒಂದು ಹಾಳೆ ನಿಮ್ಮ ಮಗುವಿನ ಚೀಲದಲ್ಲೂ ಇರಬಹುದು. ಇವತ್ತೇ ತೆಗೆದು ನೋಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಪ್ರತಿ ನಿಯಮಕ್ಕೂ ಯಾಕೆ ಎಂದು ಕೇಳಿ. ಗೊತ್ತಾಗದಿದ್ದರೆ ಶಿಕ್ಷಕರನ್ನು ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ತೋಳು, ಕೂದಲು, ಬೂಟು ನೀವೇ ಒಮ್ಮೆ ಗಮನಿಸಿ. ಒಡೆದರೆ, ಚೆಲ್ಲಿದರೆ ಬಂದು ಹೇಳು, ಮನೆಯಲ್ಲೂ ಬೈಯುವುದಿಲ್ಲ ಎಂದು ಮಾತು ಕೊಡಿ. ಕೊಟ್ಟ ಮಾತಿನಂತೆ ನಡೆಯಿರಿ. ನಮ್ಮ ಮಕ್ಕಳು ಬೆಂಕಿಯ ಹತ್ತಿರ ಹೋಗಿ ಕಲಿಯಲಿ. ಗಾಯವಿಲ್ಲದೆ, ಬಾಯಿತುಂಬ ಸುದ್ದಿ ಹೊತ್ತು ಮನೆಗೆ ಬರಲಿ.